ಮೊಣಕಾಲುದ್ದ ನೀರಿನಲ್ಲಿ

ದೇವನಹಳ್ಳಿಯ ಮಮತ ಹೋಟೆಲ್ ಕೋಣೆಗಳಿಗೆ ಆಯಿಲ್ ಪೇಂಟಿನಲ್ಲಿ ಸಮುದ್ರದ ಚಿತ್ರ ಬರೆದುಕೊಟ್ಟೇ ಜೀವನ ಮಾಡುವವಳು. ಸಂಜೆಬಿಸಿಲು, ಮರಳು, ತೆಂಗಿನಮರ ಎಲ್ಲವೂ ಇರುತ್ತವೆ. ಮನುಷ್ಯರು ಮಾತ್ರ ಇರುವುದಿಲ್ಲ. ಚಿಕ್ಕವಳಿದ್ದಾಗ ಮಲ್ಪೆಯಲ್ಲಿ ಅವಳ ಕಣ್ಣೆದುರೇ ತಮ್ಮ ಮುರಳಿಯನ್ನು ಅಲೆ ಎಳೆದುಕೊಂಡಿತ್ತು. ಮೀನುಗಾರರು ಹೇಗೋ ಉಳಿಸಿಕೊಟ್ಟರು. ಈಗ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುವ ಮುರಳಿ ಅದನ್ನು ಮರೆತೇಬಿಟ್ಟಿದ್ದಾನೆ. ಇವಳು ಮರೆತಿಲ್ಲ.

ಈ ಸಲ ಹೋಟೆಲ್ ಮ್ಯಾನೇಜರ್, "ಬರೀ ನೀರು ಬೋಳುಬೋಳಾಗಿ ಕಾಣ್ಸುತ್ತೆ ಮೇಡಂ, ಒಬ್ಬ ಮನುಷ್ಯನ್ನ ಹಾಕಿ" ಎಂದ. ಮಮತ ಮೊಣಕಾಲುದ್ದ ನೀರಿನಲ್ಲಿ ಒಬ್ಬನನ್ನು ನಿಲ್ಲಿಸಿದಳು. ಮುಖ ಬರೆಯಲಿಲ್ಲ. ಆದರೂ ಸೊಂಟದ ಮೇಲೆ ಕೈಯಿಟ್ಟು ನಿಂತ ರೀತಿ ಮುರಳಿಯದೇ. ಅಳಿಸಲು ಬಟ್ಟೆ ತೆಗೆದುಕೊಂಡಳು. ಅಳಿಸಿದರೆ ತಾನೇ ಅವನನ್ನು ಮುಳುಗಿಸಿದಂತಾಗುತ್ತದೆ ಎನ್ನಿಸಿ ಬಟ್ಟೆ ಕೆಳಗಿಟ್ಟಳು. ಕೊನೆಗೆ ಅವನ ಕಾಲ ಸುತ್ತ ಮರಳಿನ ಬಣ್ಣ ಬಳಿದಳು. ಇನ್ನೂ ಬಳಿದಳು. ನೀರು ದೂರದ ಒಂದು ಗೆರೆಯಾಗುವವರೆಗೂ ಬಳಿದಳು.

ಚಿತ್ರ ಒಯ್ಯಲು ಬಂದ ಮ್ಯಾನೇಜರ್ ಕೇಳಿದ: "ಸಮುದ್ರ ಎಲ್ಲಿ ಮೇಡಂ?"

"ಹಿಂದಕ್ಕೆ ಹೋಗಿದೆ ಸಾರ್" ಎಂದಳು ಮಮತ, ಆ ಗೆರೆಯಿಂದ ಕಣ್ಣು ಕೀಳದೆ. "ಅದು ವಾಪಸ್ ಬರೋದ್ರೊಳಗೆ ಅವನನ್ನ ಕರ್ಕೊಂಡು ಹೋಗ್ಬಿಡಿ."