ಅತ್ತೆಯ ಬಾಯಿ, ಯಾರದೋ ಅಳು

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದೇನು ಪುಕ್ಕಟೆ ಬಂದದ್ದಲ್ಲ. ಸವಣೂರಿನ ಕಾಲೇಜಿಗೆ ಹೋಗುವಾಗ ಯಲವಿಗಿ ಹತ್ತಿರದ ಹಳ್ಳಿಯಲ್ಲಿ ಅತ್ತೆಯ ಮನೆಯಲ್ಲಿದ್ದೆ. ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ಸತ್ತವಳು, ಮಕ್ಕಳಿಲ್ಲ, ಕಂಡವರ ಹೊಲದಲ್ಲಿ ಕಳೆ ತೆಗೆದು ಬದುಕಿದವಳು. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು ನನಗೆ ಬುತ್ತಿ ಕಟ್ಟುವಳು. ನಾನು ಬಸ್ಸು ಹತ್ತುವತನಕ ರಸ್ತೆಯಲ್ಲೇ ನಿಲ್ಲುವಳು. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಹಾಡಿಕೊಂಡು ಅಳುವುದು ಬರುತ್ತಿತ್ತು.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹೆಂಗಸರು ಸುಮ್ಮನೆ ಕಣ್ಣೀರು ಹಾಕುವುದಿಲ್ಲ. ಓಣಿಯ ತಿರುವಿನಿಂದಲೇ ಸತ್ತವರನ್ನು ಕರೆಯುತ್ತ ಬರುತ್ತಾರೆ. ಅವರು ಮಾಡಿದ್ದು, ಮಾಡದೆ ಬಿಟ್ಟದ್ದು, ಉಣಿಸಿದ್ದು, ಹೊಡೆದದ್ದು ಎಲ್ಲವನ್ನೂ ರಾಗ ಎಳೆದು ಹೇಳುತ್ತಾರೆ. ಆ ಹೊತ್ತಿನಲ್ಲಿ ಆಡಿದ ಮಾತಿಗೆ ಯಾರೂ ಸಿಟ್ಟಾಗುವಂತಿಲ್ಲ. ಅತ್ತೆ ಇದರಲ್ಲಿ ಎತ್ತಿದ ಕೈ. ಸತ್ತವರ ಬಗ್ಗೆ ಬರೀ ಒಳ್ಳೆಯದನ್ನೇ ಯಾಕೆ ಹೇಳಬಾರದು ಎಂದು ಕಾಲೇಜಿನ ಹುಡುಗಿಯಾಗಿದ್ದ ನಾನು ಒಮ್ಮೆ ಕೇಳಿದ್ದೆ.

“ಸುಳ್ಳ ಹೇಳಿ ಅತ್ರ ಸತ್ತಾವ್ರಿಗೆ ಮುಟ್ಟಾಂಗಿಲ್ಲ ತಂಗಿ. ಅಡ್ರೆಸ್ ತಪ್ಪಿದ ಟಪಾಲ ಹಂಗ, ಎಲ್ಲೋ ಹೋಗಿ ಬೀಳತೈತಿ” ಅಂದಿದ್ದಳು.

ಈಗ ನಾನು ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುತ್ತೇನೆ. ಹೋದ ವರ್ಷ ಶಿಗ್ಗಾಂವಿಯಲ್ಲಿ ದೊಡ್ಡಪ್ಪ ತೀರಿಕೊಂಡರು. ಅತ್ತೆಗೆ ಉಳಿದಿದ್ದ ಒಬ್ಬನೇ ಅಣ್ಣ. ನಮ್ಮ ಅಪ್ಪ ಹೋಗಿ ಬಹಳ ವರ್ಷವಾಗಿದೆ. ದೊಡ್ಡಪ್ಪ ಪಂಪ್‌ಸೆಟ್ಟು ರಿಪೇರಿಯಿಂದ ಶುರುಮಾಡಿ, ರಸ್ತೆ ಕಾಮಗಾರಿಯ ಗುತ್ತಿಗೆ ಹಿಡಿದು, ಎರಡಂತಸ್ತಿನ ಮನೆ ಕಟ್ಟಿಸಿದವರು. ಹೆಣ್ಣು ಹುಡುಗಿಗೆ ಡಿಗ್ರಿ ಯಾಕೆ ಎಂದು ಕೇಳಿದವರೂ ಅವರೇ, ನಾನು ಎಂ.ಎ. ಮಾಡಿದ ಮೇಲೆ ಮನೆಗೆ ಬಂದವರ ಮುಂದೆಲ್ಲ ನನ್ನನ್ನು ಕರೆದು ತೋರಿಸಿದವರೂ ಅವರೇ.

ಸುದ್ದಿ ತಿಳಿಸಿದ್ದು ಅವರ ಮಗ, ನನಗೆ ಅಣ್ಣ. ಫೋನಿನಲ್ಲೇ ಆತ ಅತ್ತ. ನನಗೂ ಅಳು ಬಂತು. ಮೂಗು ಒರೆಸಿಕೊಳ್ಳುವಷ್ಟರಲ್ಲಿ ಆತ, ಫ್ಲೆಕ್ಸಿಗೆ ನಾಲ್ಕು ಸಾಲು ಬರೆದು ವಾಟ್ಸಾಪ್ ಮಾಡು, ಮನೆತನದಲ್ಲಿ ಕಲಿತವಳು ನೀನೊಬ್ಬಳೇ ಅಂದ. ಅಣ್ಣ ಪುರಸಭೆಗೆ ನಿಲ್ಲುವ ತಯಾರಿಯಲ್ಲಿದ್ದ. ನಾನು ಬಸ್ಸಿನಲ್ಲಿ ಕುಳಿತು ತಿಳಿದದ್ದನ್ನು ಬರೆದೆ: ಪಂಪ್‌ಸೆಟ್ಟು ರಿಪೇರಿಯಿಂದ ಬದುಕು ಕಟ್ಟಿಕೊಂಡವರು, ಬಿಸಿಲಲ್ಲಿ ನಿಂತು ರಸ್ತೆ ಮಾಡಿಸಿದವರು, ಸಿಟ್ಟು ಜಾಸ್ತಿ, ಕೈ ಚುರುಕು. ಆತ ಹೆಬ್ಬೆರಳಿನ ಚಿತ್ರ ಕಳಿಸಿದ.

ಶಿಗ್ಗಾಂವಿಯಲ್ಲಿ ಇಳಿದರೆ ಬಸ್‌ಸ್ಟ್ಯಾಂಡಿನ ಎದುರಿಗೇ ಫ್ಲೆಕ್ಸು ಎದ್ದಿತ್ತು. ‘ಅಜಾತಶತ್ರು, ಕೊಡುಗೈ ದಾನಿ, ತಾಯಿಯನ್ನೇ ದೇವರೆಂದು ಪೂಜಿಸಿದ ಮಹಾಚೇತನ.’ ನನ್ನ ಒಂದು ಅಕ್ಷರವೂ ಇರಲಿಲ್ಲ. ಕೆಳಗೆ ಕೈಮುಗಿದು ನಿಂತ ಅಣ್ಣನ ಫೋಟೋ ಇತ್ತು. ಅದು ಸತ್ತವರ ಫೋಟೋಕ್ಕಿಂತ ದೊಡ್ಡದಿತ್ತು. ತೀರಿಕೊಂಡವರು ಯಾರು ಎಂದು ಪಕ್ಕದಲ್ಲಿ ನಿಂತಿದ್ದ ಒಬ್ಬ ಮುದುಕ ನನ್ನನ್ನೇ ಕೇಳಿದ.

ಮನೆಯಲ್ಲಿ ದೊಡ್ಡಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಎರಡೂ ಕಡೆ ಮದುವೆಗೆ ಹಾಕುವಂಥ ಲೈಟುಗಳು. ಆ ಬೆಳಕಿನಲ್ಲಿ ಅವರ ಮುಖ ಬದುಕಿದ್ದಾಗಿನದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಅಂಗಳದ ಮೇಲೆ ಡ್ರೋನು ಗುಂಯ್ ಎನ್ನುತ್ತಿತ್ತು, ಅಳಲು ಬಂದ ಹೆಂಗಸರು ಸೆರಗು ಬಾಯಿಗೆ ಹಿಡಿದು ಮೇಲಕ್ಕೆ ನೋಡುತ್ತ ನಿಂತಿದ್ದರು. ಎಲ್ಲವೂ ಲೈವ್ ಹೋಗುತ್ತಿತ್ತು. ಹೊರಗೆ ಪೆಂಡಾಲಿನಲ್ಲಿ ಕುಳಿತವರಿಗೆ ಕೇಳಲೆಂದು ಸ್ಪೀಕರು ಬೇರೆ. ಇಷ್ಟೆಲ್ಲ ಯಾಕೆ ಎಂದು ನಾನು ಅಣ್ಣನನ್ನು ನೇರವಾಗಿಯೇ ಕೇಳಿದೆ. ಈಗಿನ ಕಾಲದಲ್ಲಿ ತೋರಿಸದಿದ್ದರೆ ದುಃಖವೇ ಆಗಿಲ್ಲ ಅಂತಾರೆ ಎಂದ. ಆತ ಖಂಡಿತ ದುಃಖದಲ್ಲಿದ್ದ, ಕಣ್ಣು ಕೆಂಪಗಿದ್ದವು. ನನಗೆ ಅದೇ ತಿಳಿಯಲಿಲ್ಲ. ನಿಜವಾದ ದುಃಖ ಇದ್ದವನಿಗೆ ಲೈಟು ಯಾಕೆ ಬೇಕು?

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಅತ್ತೆಯ ದನಿ ಕೇಳಿತು. ಟಂಟಂ ರಿಕ್ಷಾ ಇಳಿದವಳೇ ಶುರುಮಾಡಿದ್ದಳು. ಸೆರಗು ಜಾರಿತ್ತು, ಚಪ್ಪಲಿ ಒಂದು ಎಲ್ಲೋ ಉಳಿದಿತ್ತು. ಸತ್ತ ತನ್ನ ಅಣ್ಣನನ್ನು ಕೂಗುತ್ತ ಬಾಗಿಲಿಗೆ ಬಂದಳು. ಗಡ್ಡದ ವಿಡಿಯೋದವನು ಕೈ ಅಡ್ಡ ಹಿಡಿದ.

“ಅಮ್ಮಾರ, ಒಂದ ನಿಮಿಷ ನಿಂದ್ರಿ. ಮೈಕ್ ಚಾಲೂ ಇರ್ಲಿಲ್ರಿ. ಆ ತಿರುವಿನತನ ಹೋಗಿ ಇನ್ನೊಮ್ಮೆ ಅಳಕೋಂತ ಬರ್ರಿ.”

ಅತ್ತೆ ಅವನನ್ನು ಒಂದು ಗಳಿಗೆ ನೋಡಿದಳು, ಅಡುಗೆಮನೆಗೆ ನುಗ್ಗಿದ ಕರುವನ್ನು ನೋಡಿದ ಹಾಗೆ.

“ನಿಮ್ಮ ಮನ್ಯಾಗ ಸತ್ರ ನೀ ಎಷ್ಟ ಸಲ ಅಳತೀಯಪಾ?” ಎಂದಳು. ಅವನ ಕೈ ಸರಿಸಿ ಒಳಗೆ ಹೋಗಿ ದೊಡ್ಡಪ್ಪನ ಪಾದ ಹಿಡಿದು ಕುಳಿತಳು. ವಿಡಿಯೋದವನು ಬಿಡಲಿಲ್ಲ. ಹಿಂದಿನಿಂದ ಬಗ್ಗಿ ಅವಳ ಸೆರಗಿಗೆ ಸಣ್ಣ ಮೈಕು ಸಿಕ್ಕಿಸಿದ. ಅವಳಿಗೆ ಅದು ತಿಳಿಯಲೇ ಇಲ್ಲ.

ಅತ್ತೆ ಹಾಡಿದಳು. ಜ್ವರ ಬಂದ ತಂಗಿಯನ್ನು ಹೆಗಲ ಮೇಲೆ ಹೊತ್ತು ಸವಣೂರಿನ ದವಾಖಾನೆಗೆ ನಡೆದ ಅಣ್ಣನನ್ನು ಹಾಡಿದಳು. ತನ್ನ ಪಾಲಿನ ರೊಟ್ಟಿ ಮುರಿದುಕೊಟ್ಟವನನ್ನು, ಕದ್ದ ಕಬ್ಬಿನ ತುದಿಯನ್ನು ತಾನು ತಿಂದು ಬುಡವನ್ನು ತಂಗಿಗೆ ಕೊಟ್ಟವನನ್ನು ಹಾಡಿದಳು. ಹೊರಗೆ ಸ್ಪೀಕರಿನಲ್ಲಿ ಎಲ್ಲವೂ ಕೇಳುತ್ತಿತ್ತು. ಅಣ್ಣ ತಲೆದೂಗಿದ, ವಿಡಿಯೋದವನು ಹತ್ತಿರ ಸರಿದ. ರಾಗ ಬದಲಾಗಲಿಲ್ಲ, ಹಾಗೆಯೇ ಮುಂದೆ ಹೋಯಿತು: ನನ್ನ ಗಂಡ ಸತ್ತಾಗ ಮನೆ ಮುಂದೆ ಮೋಟರುಗಾಡಿ ಇದ್ದರೂ ಬರಲಿಲ್ಲವಲ್ಲೋ. ಪಂಚಮಿ ಹಬ್ಬಕ್ಕೆ ಎಲ್ಲರ ಅಣ್ಣಂದಿರು ತೌರಿಗೆ ಕರೆಯಲು ಬಂದರು, ನಾನು ಹೊಸಲಿನ ಮೇಲೆ ಕುಂತು ದಾರಿ ನೋಡಿದೆನಲ್ಲೋ. ಆಮೇಲೆ ಎರಡು ಸಾಲು ಬಂದವು. ಅವನ್ನು ಆಕೆಯ ಬಾಯಿಂದ ಬಂದಂತೆಯೇ ಬರೆಯುತ್ತೇನೆ:

“ಬಂದ ಸಾಹೇಬ್ರ ಮುಂದ ಅವ್ವನ್ನ ಕೆಲಸದಾಕಿ ಅಂದ್ಯಲ್ಲೋ ನನ್ನಣ್ಣಾ, ಅದನ್ನ ಕೇಳಿ ಅವ್ವ ನಿನಗ ಚಾ ತಂದಕೊಟ್ಟಳಲ್ಲೋ ನನ್ನಣ್ಣಾ.”

ನಾನು ಚಿಕ್ಕವಳಿದ್ದಾಗ ಅಜ್ಜಿ ಈ ಮನೆಯ ಹಿತ್ತಲ ಕೋಣೆಯಲ್ಲಿ ಇರುತ್ತಿದ್ದಳು. ಆಕೆಗೆ ಅಲ್ಲೇ ತಂಪು ಅಂತ ದೊಡ್ಡಪ್ಪ ಹೇಳುತ್ತಿದ್ದರು, ನಾನು ನಂಬಿದ್ದೆ. ಅಜ್ಜಿ ಟ್ರೇ ಹಿಡಿದು ತಲೆ ತಗ್ಗಿಸಿ ಬರುವುದನ್ನು ನಾನೇ ಕಂಡಿದ್ದೆ. ಮಗನಿಗೆ ಚಹಾ ಕೊಡುವ ಪ್ರೀತಿ ಅಂದುಕೊಂಡಿದ್ದೆ. ವಯಸ್ಸಾದ ಹೆಂಗಸರಿಗೆ ಇದೇನು ಹೊಸದಾಗಿರಲಿಲ್ಲ, ಹೌದು ಎಂಬಂತೆ ತಲೆಯಾಡಿಸಿ ಅಳುತ್ತಿದ್ದರು.

ಅಣ್ಣನ ಫೋನು ಬಡಿದುಕೊಳ್ಳಲು ಶುರುವಾಯಿತು. ಲೈವ್ ನೋಡುತ್ತಿದ್ದವರು. ಆತ ವಿಡಿಯೋದವನಿಗೆ ಕೈಸನ್ನೆ ಮಾಡಿದ, ಸ್ಪೀಕರು ಗಕ್ಕನೆ ನಿಂತಿತು. ಅತ್ತೆಗೆ ಸ್ಪೀಕರು ಇದ್ದದ್ದೂ ಗೊತ್ತಿರಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಇನ್ನೂ ಬಹಳ ಹೊತ್ತು ಹಾಡಿದಳು. ಕೊನೆಗೆ, ಅಷ್ಟಾದರೂ ನೀನೇ ನನಗೆ ತೌರು, ಇನ್ನು ಯಾರ ಮೇಲೆ ಸಿಟ್ಟಾಗಲಿ ಎಂದು ಕೇಳಿ ದೊಡ್ಡಪ್ಪನ ಪಾದದ ಮೇಲೆ ಹಣೆ ಇಟ್ಟಳು. ಅವರನ್ನು ಅಷ್ಟು ಪೂರ್ತಿಯಾಗಿ ಪ್ರೀತಿಸಿದವರು ಆ ಮನೆಯಲ್ಲಿ ಮತ್ತೊಬ್ಬರು ನನಗೆ ಕಾಣಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅಣ್ಣ ಅತ್ತೆಗೆ ಏನೂ ಅನ್ನಲಿಲ್ಲ. ನನಗೆ ಮಾತ್ರ, ವಯಸ್ಸಾಯಿತು ಪಾಪ, ತಲೆ ನೆಟ್ಟಗಿಲ್ಲ ಎಂದ. ಅತ್ತೆಯ ತಲೆ ನೆಟ್ಟಗಿದೆ ಎಂದು ಅಲ್ಲೇ ಹೇಳಿದೆ.

ದಿನಕರ್ಮಕ್ಕೆ, ತಿಥಿಯ ಊಟಕ್ಕೆ, ಮತ್ತೆ ಸೇರಿದೆವು. ಪೆಂಡಾಲಿನ ಮುಂದೆ ದೊಡ್ಡ ಎಲ್‌ಇಡಿ ಪರದೆ ನಿಲ್ಲಿಸಿದ್ದರು. ಊಟಕ್ಕೆ ಮೊದಲು ದೊಡ್ಡಪ್ಪನ ಅಂತಿಮಯಾತ್ರೆಯ ವಿಡಿಯೋ. ಹಿರೇಕೆರೂರಿನಿಂದ ಬಂದ ಬೀಗರು, ಪಕ್ಷದವರು, ಓಣಿಯವರು ಎಲ್ಲ ಕುಳಿತಿದ್ದರು. ಅತ್ತೆ ನನ್ನ ಪಕ್ಕದಲ್ಲಿ, ಕೈಯಲ್ಲಿ ನೀರಿನ ಲೋಟ.

ಡ್ರೋನಿನ ಕಣ್ಣಿಂದ ಮನೆ ಕಂಡಿತು. ಕೊಳಲು ಕೇಳಿತು. ಆಮೇಲೆ ಪರದೆಯ ತುಂಬ ಅತ್ತೆಯ ಮುಖ ಬಂತು. ಬಾಯಿ ತೆರೆಯಿತು. ಬಂದ ದನಿ ಅವಳದಲ್ಲ.

ಮೊದಲು ನನಗೆ ಸ್ಪೀಕರಿನ ದೋಷ ಅನ್ನಿಸಿತು. ಎಳೆಯ ದನಿ, ಒಡೆದ ದನಿ, ಎದೆಯನ್ನು ಸೀಳಿಕೊಂಡು ಬರುವಂಥದು. ಅತ್ತೆಯ ಸುಕ್ಕುಗಟ್ಟಿದ ತುಟಿ ಒಂದು ಹೇಳುತ್ತಿತ್ತು, ಕಿವಿಗೆ ಇನ್ನೊಂದು ಬೀಳುತ್ತಿತ್ತು. ಸುತ್ತಲೂ ನೋಡಿದೆ. ಜನ ಅಳುತ್ತಿದ್ದರು! ಮಣ್ಣಿನ ದಿನ ಗಡಿಯಾರ ನೋಡುತ್ತಿದ್ದ ಗಂಡಸರು ಕರ್ಚೀಫು ತೆಗೆದಿದ್ದರು.

“ಬಾಯಿ ನಂದೈತಿ. ದನಿ ಯಾರದು?” ಅತ್ತೆ ನನ್ನನ್ನು ಕೇಳಿದಳು.

ನಾನು ಎದ್ದುಹೋಗಿ ಅಣ್ಣನನ್ನು ಕೇಳಿದೆ. ಆತ ದನಿ ತಗ್ಗಿಸಿ ಹೇಳಿದ, ಅತ್ತೆಯದು ಹಾಕುವಂತಿರಲಿಲ್ಲ, ನಿನಗೇ ಗೊತ್ತಲ್ಲ, ವಿಡಿಯೋದವನು ನೆಟ್ಟಿನಲ್ಲಿ ಹುಡುಕಿ ಚಲೋದೊಂದು ಅಳು ಹಚ್ಚಿದ್ದಾನೆ. “ಅಳೂದು ಅಳೂದ ಐತಿ ತಂಗಿ. ಯಾರದಾದ್ರ ಏನು? ಮಂದಿ ಹೆಂಗ ಅಳಾಕತ್ತಾರ ನೋಡು” ಎಂದ. ಆತನ ಕಣ್ಣಲ್ಲೂ ನೀರಿತ್ತು.

ನಾನು ವಾಪಸು ಬಂದಾಗ ಅತ್ತೆ ಕುತ್ತಿಗೆ ಮುಂದೆ ಚಾಚಿ ಕೇಳುತ್ತಿದ್ದಳು. ಲೋಟದ ನೀರು ಮಡಿಲಿಗೆ ಚೆಲ್ಲಿತ್ತು. ಹರೆಯದಲ್ಲಿ ಆಕೆ ಸಾಂಗ್ಲಿ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದವಳು.

“ಮರಾಠಿ ಇದು” ಎಂದಳು. “ಊಠ ರೇ ಬಾಳಾ ಅನ್ನಾಕತ್ತಾಳ. ಏಳೋ ಕೂಸ, ಹಾಲ ಕುಡಿ ಏಳು ಅಂತ. ಯಾವಾಕೀದೋ ಕೂಸು ಸತ್ತೈತಿ ತಂಗಿ.”

ಹೇಳಿದ ಮೇಲೆ ನನಗೂ ಆ ಶಬ್ದ ಬಿಡಿಬಿಡಿಯಾಗಿ ಕೇಳತೊಡಗಿತು. ಬಾಳಾ, ಬಾಳಾ. ಎಲ್ಲೋ ಒಬ್ಬ ತಾಯಿ ಸತ್ತ ಕೂಸನ್ನು ಹಾಲಿಗೆ ಎಬ್ಬಿಸುತ್ತಿದ್ದಳು, ಶಿಗ್ಗಾಂವಿಯಲ್ಲಿ ನಾವು ಅದನ್ನು ಒಬ್ಬ ಗುತ್ತಿಗೆದಾರರ ಹೆಣದ ವಿಡಿಯೋಕ್ಕೆ ಹಚ್ಚಿಕೊಂಡು ಊಟಕ್ಕೆ ಕಾಯುತ್ತಿದ್ದೆವು.

ಅತ್ತೆ ಎದ್ದು ನೇರವಾಗಿ ಅಣ್ಣನ ಬಳಿ ಹೋದಳು. ಸಿಟ್ಟು ಇರಲಿಲ್ಲ, ಅವಸರ ಇತ್ತು, ಒಲೆಯ ಮೇಲೆ ಏನೋ ಸೀಯುತ್ತಿರುವಂತೆ.

“ನನ್ನ ಅಣ್ಣಗ ಹೇಳೂದು ಹೇಳೇನಿ, ಅವಗ ಮುಟ್ಟೈತಿ. ನನ್ನ ದನಿ ಹಾಕಬ್ಯಾಡ, ಬಿಡು. ಆದ್ರ ಆಕಿ ಅಳು ತಗಿಯಪಾ. ಅದು ಆಕಿ ಕೂಸಿಗೆ ಮುಟ್ಟಬೇಕು. ನೀ ಇಲ್ಲಿ ಹಿಡಕೊಂಡ ಕುಂತ್ರ ಹೆಂಗ ಹೋಗತೈತಿ?”

ಅಣ್ಣ ಸುತ್ತ ಕುಳಿತ ಬೀಗರನ್ನು ನೋಡಿದ. ಆಗಲಿ ಅತ್ತಿ, ತಗಸ್ತೇನಿ ಎಂದ. ನಾನೂ ಪಕ್ಕದಲ್ಲೇ ನಿಂತು, ಇದನ್ನು ತೆಗೆಸದಿದ್ದರೆ ನಾನು ಈ ಮನೆಯಲ್ಲಿ ಉಣ್ಣುವುದಿಲ್ಲ ಎಂದೆ. ತೆಗೆಸುತ್ತೇನೆ ಎಂದು ಮತ್ತೆ ಹೇಳಿದ. ನಂಬಿದೆವು. ಅತ್ತೆ ಎರಡು ತುತ್ತು ಹೋಳಿಗೆ ತಿಂದಳು.

ಮರುವಾರ ಅಣ್ಣ ನೆಟ್ಟಿಗೆ ಹಾಕಿದ ವಿಡಿಯೋ ನನ್ನ ಫೋನಿಗೆ ಬಂತು. ಅಣ್ಣ ಮಾತು ಉಳಿಸಿಕೊಂಡಿದ್ದ, ತನಗೆ ತಿಳಿದ ರೀತಿಯಲ್ಲಿ. ಅತ್ತೆಯ ಮುಖ ತೆಗೆಸಿದ್ದ. ಅದರ ಜಾಗದಲ್ಲಿ ದೊಡ್ಡಪ್ಪನ ಫೋಟೋ, ಉದುರುವ ಹೂವು, ಕೆಳಗೆ ಕೈಮುಗಿದ ಅಣ್ಣ. ಅಳು ಹಾಗೇ ಇತ್ತು. ಕಣ್ಣು ತುಂಬಿ ಬಂತು ಅಣ್ಣಾ, ನಿಮ್ಮ ಬೆನ್ನಿಗೆ ನಾವಿದ್ದೇವೆ ಎಂದು ಜನ ಅದರ ಕೆಳಗೆ ಬರೆದಿದ್ದರು. ನಾನು ಫೋನು ಮಾಡಿ ಬೈದೆ. ಮುಖದ ಬಗ್ಗೆಯಲ್ಲ, ದನಿಯ ಬಗ್ಗೆ ಹೇಳಿದ್ದು ಎಂದೆ. ಆತ ನಿಜಕ್ಕೂ ಬೆರಗಾದ. ದನಿ ತೆಗೆದರೆ ಉಳಿಯುವುದೇನು ತಂಗಿ ಎಂದು ಕೇಳಿದ. ಆಮೇಲೆ ನನ್ನ ಫೋನು ಎತ್ತುವುದನ್ನು ಬಿಟ್ಟ.

ರಜೆ ಸಿಕ್ಕಾಗ ಈಗಲೂ ಯಲವಿಗಿ ಕಡೆ ಹೋಗುತ್ತೇನೆ. ಅತ್ತೆ ರೊಟ್ಟಿ ಬಡಿಯುತ್ತ, ಕೆಲಸದ ಬಗ್ಗೆ, ನನ್ನ ಮಕ್ಕಳ ಬಗ್ಗೆ ಕೇಳುತ್ತಾಳೆ. ದೊಡ್ಡಪ್ಪನ ಮಾತು ತೆಗೆಯುವುದಿಲ್ಲ, ಅದು ಮುಗಿದಿದೆ. ಹೊರಡುವ ಹೊತ್ತಿಗೆ ಮಾತ್ರ ನನ್ನ ಕೈಯಲ್ಲಿನ ಫೋನಿನ ಕಡೆ ನೋಡಿ ಕೇಳುತ್ತಾಳೆ.

“ಆಕಿ ಇನ್ನೂ ಅಳಾಕತ್ತಾಳೇನು?”

ನಾನು ಆ ವಿಡಿಯೋ ತೆರೆದು ನೋಡುತ್ತೇನೆ. ಹೂಂ ಅತ್ತಿ, ಎನ್ನುತ್ತೇನೆ.