ಚಿಕ್ಕಣ್ಣನವರ ಈಜುಕೊಳದ ಮೋಟರ್

ನಾಗರಬಾವಿಯ ಅಪಾರ್ಟ್‌ಮೆಂಟೊಂದರ ಕಾರ್ಯದರ್ಶಿ ಚಿಕ್ಕಣ್ಣನವರಿಗೆ ಈಜು ಬಾರದು. ಆದರೂ ಈಜುಕೊಳದ ನೀರು ಸೋಸುವ ಪಂಪಿನ ಮೋಟರ್ ಕೆಮ್ಮಿದರೆ ಜ್ವರ ಬರುವುದು ಅವರಿಗೇ. ಬೆಳಗಾದರೆ ಮನೆದೇವರನ್ನು ನೆನೆದೇ ಸ್ವಿಚ್ ಒತ್ತುತ್ತಾರೆ. ಮೋಟರ್ ತಿರುಗದೆ ಬರೀ ಗುಂಯ್ ಎಂದಿತೋ, ತಲೆಯ ಮೇಲೆ ದೀಪ ಉರಿಯುತ್ತಿದ್ದರೂ "ಕರೆಂಟ್ ಐತೇನ್ರೋ?" ಎಂದು ಕೂಗುತ್ತಾರೆ, ಫ್ಯೂಸ್ ಕಿತ್ತು ಊದುತ್ತಾರೆ, ಹಿಂದೆ ಹೊಲದ ಪಂಪ್‌ಸೆಟ್ಟಿಗೆ ಮಾಡುತ್ತಿದ್ದಂತೆ ಮೋಟರಿನ ಬೆನ್ನು ತಟ್ಟುತ್ತಾರೆ. ಮೆಕ್ಯಾನಿಕ್ ವಿಠ್ಠಲ ಫೋನಿನಲ್ಲಿ "ಹೊಸಾದು ಹಾಕಸ್ರೀ ಸಾಹೇಬ್ರ" ಎಂದರೆ, "ಅಲ್ಲೀಗಂಟ ನೀರು ಪಾಚಿ ಕಟ್ಟಿ ಕೊಳ ಮುಚ್ಬೇಕಾ? ಆಗಲ್ಲ ಕಣಪ್ಪ!" ಎಂದು ರೇಗುತ್ತಾರೆ. ಇವತ್ತೂ ಅದೇ ರಂಪ. ಕೊನೆಗೆ ಕರೆಂಟ್ ತೆಗೆದು ಬಗ್ಗಿ ನೋಡಿದರೆ, ಆಯುಧಪೂಜೆಗೆ ತಾವೇ ಕಟ್ಟಿ ಯಾರಿಗೂ ತೆಗೆಯಗೊಡದ ಚೆಂಡುಹೂವಿನ ಹಾರದ ದಾರ ಮೋಟರಿನ ಹಿಂದಿನ ಫ್ಯಾನಿಗೆ ಸುತ್ತಿಕೊಂಡಿತ್ತು. ಎಳೆ ಎಳೆಯಾಗಿ ಬಿಡಿಸಿ ಮತ್ತೆ ಸ್ವಿಚ್ ಒತ್ತಿದರು. ಮೋಟರ್ ತಿರುಗಿತು. ಅಷ್ಟು ಹೊತ್ತೂ ದಡದ ಕುರ್ಚಿಯಲ್ಲಿ ಕಾದಿದ್ದ, ಲಕ್ವ ಹೊಡೆದ ಹೆಂಡತಿ ಮುನಿಲಕ್ಷ್ಮಮ್ಮನನ್ನು ಹಿಡಿದು ಮೆಲ್ಲಗೆ ನೀರಿಗಿಳಿಸಿದರು. ನೆಲದ ಮೇಲೆ ಆಸರೆಯಿಲ್ಲದೆ ನಿಲ್ಲಲೂ ಆಗದ ಆಕೆ, ಎದೆಮಟ್ಟದ ನೀರಿನಲ್ಲಿ, "ಬುಡಿ ಕೈನ, ನಾನೇ ಹೋಯ್ತೀನಿ" ಎಂದು ಗದರಿ ನಡೆದೇಬಿಟ್ಟರು. ಚಿಕ್ಕಣ್ಣನವರು ಕೈ ಬಿಟ್ಟರು. ಕಿವಿಯನ್ನು ಮಾತ್ರ ಮೋಟರಿನಿಂದ ಬಿಡಲಿಲ್ಲ.