ಯಾರ ಸುದ್ದಿ ಅಂತ ಕೇಳಬ್ಯಾಡ್ರಿ

ಹಾಲಮ್ಮ ಮೇಡಂ ಬಾಯಲ್ಲಿ 'ಅವರ' ಎಂಬ ಮಾತನ್ನು ನಾನು ಕೇಳಿದ್ದೇ ಇಲ್ಲ. ಎದುರು ಮನೆಯ ಎಮ್ಮೆ ಈದರೆ ನಮ್ಮ ಎಮ್ಮೆ, ಹಿಂದಿನ ಓಣಿಯ ಹುಡುಗಿಯ ಮದುವೆ ಮುರಿದರೆ ನಮ್ಮ ಹುಡುಗಿ, ಮೂರನೇ ಕ್ರಾಸಿನಲ್ಲಿ ನಲ್ಲಿ ಕೆಟ್ಟರೆ ನಮ್ಮ ನಲ್ಲಿ. ದಾವಣಗೆರೆಯ ನಿಟ್ಟುವಳ್ಳಿಯ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ನಾನು ಅತಿಥಿ ಶಿಕ್ಷಕಿಯಾಗಿ ಸೇರಿದ ಮೊದಲ ದಿನವೇ, ಅಲ್ಲಿನ ಮುಖ್ಯ ಶಿಕ್ಷಕಿಯಾಗಿದ್ದ ಅವರು, "ನಮ್ಮವ್ವ ಬಚ್ಚಲದಾಗ ಜಾರಿಬಿದ್ದು ಸೊಂಟ ಮುರ್ಕಂಡಾಳ ನೋಡವ್ವ" ಎಂದರು. ಮರುದಿನ ನಾನಿದ್ದ ಹರಿಹರದಿಂದ ನೋವಿನ ಎಣ್ಣೆಯ ಬಾಟಲಿ ತಂದುಕೊಟ್ಟೆ. ಅವರು ಅದನ್ನು ಹಾಗೆಯೇ ಬಿಸಿಯೂಟದ ಅಡುಗೆಯವಳ ಕೈಗೆ ಕೊಟ್ಟರು. ಸೊಂಟ ಮುರಿದದ್ದು ಆಕೆಯ ತಾಯಿಗೆ. ಹಾಲಮ್ಮನವರ ತಾಯಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

ಕುಳ್ಳಗಿನ ಆಳು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ತುರುಬಿಗೆ ಸಿಕ್ಕಿಸಿದ ಅರ್ಧ ಸೀಮೆಸುಣ್ಣ. ಸೀಮೆಸುಣ್ಣ ಎಲ್ಲಿಟ್ಟೆ ಎಂದು ಮೇಜು, ಡ್ರಾಯರು, ಕಿಟಕಿ ಎಲ್ಲ ಹುಡುಕುವರು. ಇಡೀ ತರಗತಿ ಬಾಯಿ ಮುಚ್ಚಿಕೊಂಡು ಕಿಸಿಕಿಸಿ ನಗುವುದು. ಅವರಿಗೆ ಗೊತ್ತಿದ್ದೇ ಹುಡುಕುತ್ತಿದ್ದರು ಎಂಬುದು ನನ್ನ ಗುಮಾನಿ. ಹೆಗಲ ಚೀಲದಲ್ಲಿ ಸದಾ ಒಂದು ಪೊಟ್ಟಣ ಮಂಡಕ್ಕಿ ಇರುತ್ತಿತ್ತು. ಮಧ್ಯಾಹ್ನ ಅದನ್ನು ಮುಂದೆ ತಳ್ಳಿ, "ತಿನ್ನವ್ವ, ನಮ್ಮ ಮಂಡಕ್ಕಿ" ಎನ್ನುವರು. ಅದೊಂದು ಮಾತ್ರ ನಿಜವಾಗಿ ಅವರದೇ.

ಅವರ ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಪತ್ರಿಕೆ ಓದುವ ರೂಢಿ ಇರಲಿಲ್ಲ. ಅದರ ಬದಲು ಓಣಿ ಸುದ್ದಿ. ಮಕ್ಕಳು ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮ ಓಣಿಯಲ್ಲಿ ಕಂಡದ್ದು, ಕೇಳಿದ್ದು ಹೇಳಬೇಕು. ಆದರೆ ಯಾರ ಹೆಸರನ್ನೂ ಎತ್ತುವಂತಿಲ್ಲ. ಎಲ್ಲವನ್ನೂ 'ನಮ್ಮ' ಎಂದೇ ಹೇಳಬೇಕು. ಕೇಳಿದವರು ಅದು ಯಾರ ಮನೆಯ ಸುದ್ದಿ ಎಂದು ವಿಚಾರಿಸಬಾರದು. "ಯಾರ ಸುದ್ದಿ ಅಂತ ಕೇಳಬ್ಯಾಡ್ರಿ, ಸುದ್ದಿ ಕೇಳ್ರಿ" ಎಂದು ಅವರು ದಿನವೂ ಒಮ್ಮೆ ಹೇಳುವರು. ಕೊನೆಗೆ ಇಬ್ಬರೋ ಮೂವರೋ ಕೈ ಎತ್ತಿ 'ನಾನಾಗಿದ್ರೆ' ಎಂದು ಶುರು ಮಾಡಿ ಒಂದು ಮಾತು ಹೇಳಬೇಕು. ಒಮ್ಮೆ ಎರಡನೇ ತರಗತಿಯ ಹುಡುಗನೊಬ್ಬ, "ನಮ್ಮ ನಾಯಿ ಕಾಲ ಮ್ಯಾಲೆ ಆಟೋ ಹೋತು" ಎಂದ. ಹಿಂದಿನ ಸಾಲಿನಿಂದ ಸಾನಿಯಾ ಎಂಬ ಹುಡುಗಿ ಎದ್ದು, "ನಾನಾಗಿದ್ರೆ ಅದರ ಹತ್ರ ಕುಂತ್ಕಂತಿದ್ದೆ ಮೇಡಂ. ಏನೂ ಮಾಡ್ತಿರ್ಲಿಲ್ಲ, ಸುಮ್ನೆ ಕುಂತ್ಕಂತಿದ್ದೆ" ಎಂದಳು. ಹಾಲಮ್ಮ ಮೇಡಂ, "ಅಷ್ಟು ಸಾಕು" ಎಂದರು. ಅವರು ಮಕ್ಕಳನ್ನು ಹೊಗಳುತ್ತಿದ್ದುದೇ ಹಾಗೆ. ಇದಕ್ಕಿಂತ ದೊಡ್ಡ ಮಾತನ್ನು ಅವರಿಂದ ಯಾವ ಮಗುವೂ ಕೇಳಿರಲಿಕ್ಕಿಲ್ಲ.

ಒಮ್ಮೆ ಇಲಾಖೆಯ ಸಾಹೇಬರೊಬ್ಬರು ತಪಾಸಣೆಗೆ ಬಂದಾಗ ಮೊದಲನೇ ತರಗತಿಯ ಪೋರನೊಬ್ಬ ಎದೆಯುಬ್ಬಿಸಿ, "ನಮ್ಮಪ್ಪ ಮೊನ್ನೆ ಸತ್ತೋದ್ರು" ಎಂದ. ಸಾಹೇಬರು ಪಾಪ, ಅವನನ್ನು ಹತ್ತಿರ ಕರೆದು ತಲೆ ಸವರಿ, ಧೈರ್ಯ ಹೇಳಿ, ಜೇಬಿನಿಂದ ಚಾಕ್ಲೇಟು ತೆಗೆದುಕೊಟ್ಟರು. ಅಷ್ಟರಲ್ಲಿ ಅವನ ಅಪ್ಪ, ಮಗ ಮರೆತುಬಂದ ನೀರಿನ ಬಾಟಲಿ ಹಿಡಿದುಕೊಂಡು ಗೇಟಿನಲ್ಲಿ ನಿಂತಿದ್ದ. ಸಾಹೇಬರ ಮುಖ ನೋಡುವಂತಿತ್ತು. "ಹೆಸರಿಲ್ಲದ್ದು ಸುದ್ದೀನೇನ್ರಿ ಮೇಡಂ?" ಎಂದು ರೇಗಿದರು.

"ಹೆಸರು ಹೇಳಿದ್ರೆ ಎಲ್ರೂ ತಿರುಗಿ ಆ ಕೂಸಿನ ಮುಖಾನೇ ನೋಡ್ತಾರ್ರಿ ಸಾರ್. ಹಂಗ ನೋಡಿಸ್ಕಳ್ಳೋದು ಭಾಳ ಕಷ್ಟ ಐತ್ರಿ" ಎಂದರು ಹಾಲಮ್ಮ.

ಅದರ ಹಿಂದಿನ ಕತೆಯನ್ನು ಆಮೇಲೆ ನನಗೆ ಹೇಳಿದರು. ಓಣಿ ಸುದ್ದಿ ಶುರುವಾದ ಹೊಸತರಲ್ಲಿ ಹೆಸರು ಹೇಳುವ ರೂಢಿಯೇ ಇತ್ತು. ಒಂದು ದಿನ ಯಾರೋ ಹುಡುಗ, ಇಂಥವಳ ಅಮ್ಮ ಮನೆ ಬಿಟ್ಟು ಹೋಗಿದ್ದಾಳೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟ. ಆ ಹುಡುಗಿ ಅಲ್ಲೇ ಸಾಲಿನಲ್ಲಿ ನಿಂತಿದ್ದಳು. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ಇವರು ಮೂರು ಸಲ ಮನೆಗೆ ಹೋದರೂ ಅವಳು ಹೊರಗೆ ಬರಲಿಲ್ಲ. "ಅವತ್ತಿಂದ 'ನಮ್ಮ' ಮಾಡ್ದೆ ನೋಡವ್ವ. ನಮ್ಮದು ಅಂದ್ರೆ ಯಾರೂ ನಗಂಗಿಲ್ಲ, ಯಾರೂ ಓಡಿಹೋಗಂಗಿಲ್ಲ" ಎಂದರು.

ಇಷ್ಟು ಹೇಳಿದ ಮೇಲೆ ನನ್ನ ವಿಷಯವನ್ನೂ ಹೇಳಬೇಕು. ಅದಿಲ್ಲದೆ ಹಾಲಮ್ಮ ಮೇಡಂ ಪೂರ್ತಿಯಾಗುವುದಿಲ್ಲ. ಆನಗೋಡಿನಲ್ಲಿ ಹುಟ್ಟಿ ಬೆಳೆದ ನನ್ನನ್ನು ಹರಿಹರಕ್ಕೆ ಕೊಟ್ಟಿದ್ದರು. ನನ್ನ ಗಂಡ ಕೆಟ್ಟವರಲ್ಲ. ಅವರಮ್ಮ ಏನು ಮಾಡಿದರೂ "ಇರ್ಲಿ ಬಿಡು" ಎನ್ನುವವರು, ಅಷ್ಟೇ. ನನ್ನ ಮೊಬೈಲು ಅತ್ತೆಯ ಬೀರುವಿನಲ್ಲಿರುತ್ತಿತ್ತು. ದಾವಣಗೆರೆಯಿಂದ ಹರಿಹರಕ್ಕೆ ಹತ್ತು ನಿಮಿಷಕ್ಕೊಂದು ಬಸ್ಸಿದೆ, ನನಗೆ ಮಾತ್ರ ಒಂದೇ ಬಸ್ಸು. ಸಂಜೆ ಐದು ಹತ್ತರದ್ದು. ಅದರಲ್ಲಿ ಇಳಿಯದಿದ್ದರೆ ಯಾರ ಜೊತೆ ನಿಂತಿದ್ದೆ, ಏನು ಮಾತಾಡಿದೆ ಎಂಬ ವಿಚಾರಣೆ ಊಟದ ಹೊತ್ತಿನವರೆಗೂ ನಡೆಯುತ್ತಿತ್ತು. ಭಾನುವಾರ ಗಂಡ ಶಿಫ್ಟಿಗೆ ಹೋಗುವರು. ಅತ್ತೆ ಮಗಳ ಮನೆಗೆ ಹೊರಡುವಾಗ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುವರು. ಸೊಸೆ ಓಣಿಯವರ ಜೊತೆ ಬಾಯಿ ಬಿಟ್ಟು ಕೂರಬಾರದು ಎಂಬುದು ಅವರ ಲೆಕ್ಕಾಚಾರ. ನಾಳೆ ರಜೆ ಎಂದರೆ ಮಕ್ಕಳು ಕುಣಿಯುತ್ತಿದ್ದರು. ನನಗೆ ಕಿವಿಯಲ್ಲಿ ಆ ಚಿಲಕ ಬಿದ್ದ ಸದ್ದು ಕೇಳುತ್ತಿತ್ತು. ಇದನ್ನು ನಾನು ತವರಿಗೂ ಹೇಳಿರಲಿಲ್ಲ. ಹೇಳಿದರೆ ಅಲ್ಲಿಯೂ "ಹೊಂದ್ಕಂಡು ಹೋಗವ್ವ" ಎನ್ನುತ್ತಾರೆ ಎಂಬುದು ಗೊತ್ತಿತ್ತು.

ಒಂದು ಸೋಮವಾರ ಮಕ್ಕಳ ಹತ್ತಿರ ಸುದ್ದಿಯೇ ಇರಲಿಲ್ಲ. "ಯಾಕ, ಓಣ್ಯಾಗ ಯಾರಾದ್ರೂ ಬದುಕ್ಯಾರೋ ಇಲ್ವೋ?" ಎಂದು ಹಾಲಮ್ಮ ತಮಾಷೆ ಮಾಡಿದರು. ಯಾರೂ ಮುಂದೆ ಬರಲಿಲ್ಲ. ನನಗೆ ಏನಾಯಿತೋ, ನಾನೇ ಹೋಗಿ ನಿಂತೆ. ಬಾಯಿ ತಾನಾಗಿ ತೆರೆದುಕೊಂಡಿತು. "ನಮ್ಮನ್ನ ಭಾನುವಾರ ಮನೆಯೊಳಗೆ ಬಿಟ್ಟು ಹೊರಗಿಂದ ಚಿಲಕ ಹಾಕ್ಕೊಂಡು ಹೋಗ್ತಾರೆ. ಸಂಜೆವರೆಗೂ ತೆಗೆಯೋದಿಲ್ಲ" ಎಂದೆ. ಯಾರಿಗೂ ಏನೂ ಅನ್ನಿಸಲಿಲ್ಲ. ಅವರಿಗೆ ಅದು ಯಾರದೋ ಸುದ್ದಿ.

ಕೈಗಳು ಎದ್ದವು. "ನಾನಾಗಿದ್ರೆ ಕಿಟಕ್ಯಾಗ ನಿಂತು ಐಸ್‌ಕ್ರೀಂನೋನ್ನ ಕರೀತಿದ್ದೆ" ಎಂದು ಒಬ್ಬಳು. "ನಾನಾಗಿದ್ರೆ ಚಿಲಕ ಹಾಕ್ದೋರ್ನೇ ಒಂದಿನ ಒಳಗ ಕುಂದ್ರಿಸ್ತಿದ್ದೆ" ಎಂದು ಇನ್ನೊಬ್ಬ. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಾನಿಯಾ ಮಾತ್ರ ಯೋಚಿಸಿ, "ನಾನಾಗಿದ್ರೆ ಮೊದ್ಲು ಅಳ್ತಿದ್ದೆ. ಆಮ್ಯಾಲೆ ಯಾರ್ಗಾದ್ರೂ ಹೇಳ್ತಿದ್ದೆ" ಎಂದಳು. ನಾನು ಹಾಜರಿ ಪುಸ್ತಕ ತರುವ ನೆಪ ಮಾಡಿ ಒಳಗೆ ಹೋದೆ.

ಮಧ್ಯಾಹ್ನ ಮಂಡಕ್ಕಿ ಪೊಟ್ಟಣ ಬಿಚ್ಚುತ್ತ, ನನ್ನ ಮುಖ ನೋಡದೆ ಹಾಲಮ್ಮ ಮೇಡಂ ಕೇಳಿದರು: "ಆ ಚಿಲಕ ಯಾವ ಮನೀದವ್ವ?"

ತಾವೇ ಮಾಡಿದ ಕಟ್ಟಳೆಯನ್ನು ಅವರು ಮುರಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೈಯಲ್ಲಿದ್ದ ಮಂಡಕ್ಕಿಯನ್ನು ಒಂದೊಂದೇ ಕಾಳಾಗಿ ಪೊಟ್ಟಣಕ್ಕೆ ವಾಪಸ್ ಹಾಕಿದೆ. ಅವರಿಗೆ ಅಷ್ಟು ಸಾಕಾಯಿತು.

ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ನಮ್ಮ ಮನೆಯ ಕಿಟಕಿಯ ಹೊರಗೆ ವಿಭೂತಿ ಹಚ್ಚಿದ ಹಣೆಯೊಂದು ಕಾಣಿಸಿತು. ಎದ್ದುಹೋಗಿ ಸರಳು ಹಿಡಿದುಕೊಂಡೆ. "ಮೇಡಂ, ಚಿಲಕ ತೆಗೀರಿ, ಬೀಗ ಹಾಕಿಲ್ಲ" ಎಂದೆ. ಅವರು ತೆಗೆಯಲಿಲ್ಲ. "ನಾ ತೆಗದ್ರೆ ಇವತ್ತೊಂದಿನ ತೆಗದಂಗಾಕ್ಕತಿ. ಹಾಕ್ದೋರೇ ತೆಗೀಲಿ" ಎಂದು ಜಗಲಿಯ ಮೇಲೆ ಕೂತರು. ಬಿಸಿಲು ಮೈಮೇಲೆಯೇ ಬೀಳುತ್ತಿತ್ತು. ಸೆರಗು ತಲೆಗೆ ಹೊದ್ದುಕೊಂಡರು. ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು, "ಯಾಕ್ರಿ ಅಮ್ಮಾರ, ಬಿಸಿಲಾಗ ಕುಂತೀರಿ?" ಎಂದು ಕೇಳಿದರು. ಇವರು ಪ್ರತಿಯೊಬ್ಬರಿಗೂ ಒಂದೇ ಉತ್ತರ ಕೊಟ್ಟರು: "ನಮಗ ಚಿಲಕ ಹಾಕ್ಯಾರವ್ವ. ತೆಗೆಯೋತನ ಕುಂತೀವಿ." ಕೇಳಿದವರು ಬಾಗಿಲು ನೋಡುವರು, ಕಿಟಕಿಯಲ್ಲಿ ನನ್ನನ್ನು ನೋಡುವರು, ಅಲ್ಲೇ ನಿಲ್ಲುವರು. ಒಬ್ಬಾಕೆ ನೀರು ತಂದುಕೊಟ್ಟಳು. ಮಧ್ಯಾಹ್ನ ಮೂರಾಯಿತು. ನಾಲ್ಕು ತಾಸು ಅವರು ಕೂತ ಜಾಗದಿಂದ ಏಳಲಿಲ್ಲ. ಒಳಗೆ ಫ್ಯಾನಿನ ಕೆಳಗೆ ನಿಂತಿದ್ದ ನನಗೆ ನಾಚಿಕೆಯಾಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಅತ್ತೆ ಬಂದಾಗ ಜಗಲಿಯ ಮುಂದೆ ಅರ್ಧ ಓಣಿ ಸೇರಿತ್ತು. "ಮಂಗ್ಯಾನ ಕಾಟ ಭಾಳ ಐತ್ರಿ, ಬಾಗ್ಲಾ ದಬ್ತಾವು, ಅದ್ಕ..." ಎನ್ನುತ್ತ ಚಿಲಕ ತೆಗೆದರು. ಆ ಹೊತ್ತಿನಲ್ಲೂ ನನಗೆ ನಗು ಬಂತು.

"ಹೌದ್ರಿ ಅಕ್ಕಾರ, ಮಂಗ ಕೆಟ್ಟವು" ಎಂದು ಹಾಲಮ್ಮ ಗಂಭೀರವಾಗಿ ತಲೆದೂಗಿದರು. "ಆದ್ರ ಒಳಗ ಬೆಂಕಿ ಪಂಕಿ ಹತ್ತಿದ್ರೆ ನಮ್ಮ ಸೊಸಿ ಹೆಂಗ್ರಿ ಹೊರಗ ಬರಬೇಕು?" ನಮ್ಮ ಸೊಸೆ. ಅತ್ತೆ ಚಹಾಕ್ಕಿಡಲು ಒಳಗೆ ಹೋದರು. ಮೇಡಂ ಒಳಗೆ ಬಂದು ಚಹಾ ಕುಡಿದು, ಚಹಾ ಚೆನ್ನಾಗಿದೆ ಎಂದು ಅತ್ತೆಗೇ ಹೇಳಿ ಹೋದರು.

ಅಂದಿನಿಂದ ಆ ಚಿಲಕ ಬೀಳಲಿಲ್ಲ. ಓಣಿಯ ನಾಚಿಕೆ ದೊಡ್ಡದು. ಆದರೆ ಐದು ಹತ್ತರ ಬಸ್ಸು ಹಾಗೆಯೇ ಉಳಿಯಿತು, ಮೊಬೈಲು ಬೀರುವಿನಲ್ಲೇ ಉಳಿಯಿತು. ಬಾಗಿಲು ತೆರೆದಿದ್ದರೂ ನಾನು ಹೊಸ್ತಿಲು ದಾಟುವ ಮುಂಚೆ ಗಡಿಯಾರ ನೋಡುತ್ತಿದ್ದೆ. ಈಗಲೂ ನೋಡುತ್ತೇನೆ.

ಕಳೆದ ದಸರಾ ರಜೆಗೆ ಮುಂಚಿನ ದಿನ ನಡೆದದ್ದನ್ನು ಬರೆಯುವುದು ಕಷ್ಟ. ಹಾಲಮ್ಮ ಮೇಡಂ ಎಂದೂ ತಾವೇ ಓಣಿ ಸುದ್ದಿ ಹೇಳಿದವರಲ್ಲ. ಅವತ್ತು ಮುಂದೆ ಬಂದು ನಿಂತರು. "ನಮ್ಮ ಹೊಟ್ಟ್ಯಾಗ ಗಡ್ಡಿ ಐತೆ ಅಂತ ಡಾಕ್ಟರ್ ಹೇಳ್ಯಾರ. ಮನ್ಯಾಗ ಯಾರ್ಗೂ ಹೇಳಿಲ್ಲ. ದಿನಾ ಏನೂ ಆಗಿಲ್ಲದಂಗ ಕೆಲಸಕ್ಕ ಹೋಗಾಕತ್ತೀವಿ" ಎಂದರು. ಆಮೇಲೆ ಒಬ್ಬ, "ನಾನಾಗಿದ್ರೆ ಆಸ್ಪತ್ರಿಗೆ ಹೋಗ್ತಿದ್ದೆ" ಎಂದ. ಈಗ ಐದನೆಯಲ್ಲಿರುವ ಸಾನಿಯಾ ತನ್ನ ಹಳೆಯ ಮಾತನ್ನೇ ಹೇಳಿದಳು: "ನಾನಾಗಿದ್ರೆ ಯಾರ್ಗಾದ್ರೂ ಹೇಳ್ತಿದ್ದೆ." ಮೇಡಂ ಅವಳನ್ನೇ ನೋಡುತ್ತ "ಅಷ್ಟು ಸಾಕು" ಎಂದರು. ಪಾಪ, ಯಾವ ಮನೆಯ ಹೆಂಗಸೋ ಎಂದುಕೊಂಡೆ. ಕೇಳಬಾರದಲ್ಲ, ಕೇಳಲಿಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಅವರು ಸ್ಟಾಫ್ ರೂಮಿನಲ್ಲಿ ಚೀಲ ಹಿಡಿದು ಕೂತೇ ಇದ್ದರು. "ಇವತ್ತು ಬಸ್ಸಿಗೆ ಅವಸರ ಐತೇನವ್ವ?" ಎಂದರು. ಗಡಿಯಾರ ನೋಡಿದೆ. "ಹೌದ್ರಿ ಮೇಡಂ, ಐದು ಹತ್ತರದ್ದು ತಪ್ಪಿದ್ರೆ ನಿಮಗೆ ಗೊತ್ತೇ ಐತಲ್ಲ" ಎಂದೆ. "ಹೋಗು, ಹೋಗು" ಎಂದು ಕೈ ಬೀಸಿದರು. ಗೇಟಿನಲ್ಲಿ ಒಮ್ಮೆ ತಿರುಗಿ ನೋಡಿದೆ. ಇನ್ನೂ ಕೂತಿದ್ದರು. ಬಸ್ಸು ಸಿಕ್ಕಿತು, ಸೀಟೂ ಸಿಕ್ಕಿತು.

ರಜೆ ಮುಗಿದ ಮೇಲೆ ಅವರು ಬರಲಿಲ್ಲ. ಕುಕ್ಕುವಾಡದಲ್ಲಿ ತಮ್ಮನ ಮನೆಯಲ್ಲಿದ್ದಾರೆ, ಹೊಟ್ಟೆಯಲ್ಲಿ ಗಡ್ಡೆಯಂತೆ, ಮೈಯಲ್ಲಿ ತ್ರಾಣವಿಲ್ಲ ಎಂದು ಅಡುಗೆಯವಳಿಂದ ತಿಳಿಯಿತು. ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಮನೆಯಲ್ಲಿ ಹೇಳದೆ ಹೋದೆ. ಮಂಚದ ಮೇಲೆ ಅವರು ಇನ್ನೂ ಚಿಕ್ಕದಾಗಿ ಕಂಡರು. ತುರುಬು ಕಟ್ಟುವಷ್ಟು ಕೂದಲಿರಲಿಲ್ಲ. ನನ್ನನ್ನು ನೋಡಿ, "ಸುದ್ದಿ ಏನವ್ವ?" ಎಂದರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಕಲಸಿಹೋಯಿತು. "ಅವತ್ತು ಆ ಗಡ್ಡೆ ಯಾರದು ಅಂತ ನಾನು ಕೇಳ್ಲಿಲ್ಲ ಮೇಡಂ. ನೀವು ನನ್ನ ಚಿಲಕ ಕೇಳಿದ್ರಿ. ನಾನು ಕೇಳ್ಲಿಲ್ಲ" ಎಂದು ಅತ್ತುಬಿಟ್ಟೆ.

ಅವರು ನಕ್ಕರು. ನಕ್ಕರೆ ನೋವಾಗುತ್ತಿತ್ತು, ಹೊಟ್ಟೆ ಹಿಡಿದುಕೊಂಡರು. "ಕೇಳಬ್ಯಾಡ್ರಿ ಅಂತ ಕಲಿಸ್ದಾಕಿ ನಾನಲ್ಲೇನು? ನಾ ಹಾಕಿದ ಚಿಲಕ ನನಗಾ ಬಿತ್ತು ನೋಡು" ಎಂದರು. ಆಮೇಲೆ ನನ್ನ ಮುಂಗೈ ಹಿಡಿದು, ಪ್ರಾರ್ಥನೆಯ ಸಾಲಿನಲ್ಲಿ ನಿಂತ ಮಗುವಿನ ಹಾಗೆ ಹೇಳಿದರು: "ನಾನಾಗಿದ್ರೂ ಬಸ್ಸಿಗೇ ಹೋಗ್ತಿದ್ದೆನವ್ವ. ಅಳಬ್ಯಾಡ."

ಅದೇ ಕೊನೆಯ ಭೇಟಿ. ಇಪ್ಪತ್ತು ದಿನಕ್ಕೆ ಹಾಲಮ್ಮ ಮೇಡಂ ತೀರಿಕೊಂಡರು. ಈಗ ಓಣಿ ಸುದ್ದಿಯನ್ನು ನಾನು ನಡೆಸುತ್ತೇನೆ. ಸುದ್ದಿ ಹೇಳಿದ ಮಗುವಿನ ಮುಖವನ್ನು ಸಂಜೆ ಗೇಟಿನಲ್ಲಿ ಇನ್ನೊಮ್ಮೆ ನೋಡುತ್ತೇನೆ, ಬೇಕೆನಿಸಿದರೆ ಮೆಲ್ಲಗೆ ಕೇಳುತ್ತೇನೆ. ಒಂದೆರಡು ಸಲ ಐದು ಹತ್ತರ ಬಸ್ಸು ನನ್ನನ್ನು ಬಿಟ್ಟು ಹೋಗಿದೆ. ಮನೆಯಲ್ಲಿ ವಿಚಾರಣೆಯೂ ನಡೆದಿದೆ. ಅವರು ನನಗೆ ಹೇಳಿದ ಕೊನೆಯ ಮಾತನ್ನು ಮಾತ್ರ ನಾನು ಇವತ್ತಿಗೂ ನಂಬಿಲ್ಲ. ನಾಲ್ಕು ತಾಸು ಬಿಸಿಲಿನಲ್ಲಿ ಕೂತವರು ಅವರು. ನನ್ನ ಜಾಗದಲ್ಲಿ ಹಾಲಮ್ಮ ಮೇಡಂ ಇದ್ದಿದ್ದರೆ ಬಸ್ಸಿಗೆ ಹೋಗುತ್ತಿರಲಿಲ್ಲ.